ದೇವನಹಳ್ಳಿ ಊರನ್ನು ನೋಡಲು ಒಂದು ದಿನ ಇಟ್ಟುಕೊಳ್ಳಬಹುದೇ?

ಮಾಳಮಡ್ಡಿ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಮುಂದಿನ ತಿಂಗಳು ಧಾರವಾಡದಿಂದ ಬೆಂಗಳೂರಿಗೆ ಬರುವವರಿದ್ದೇವೆ. ನನ್ನ ತಂಗಿಯ ಮಗ ದೇವನಹಳ್ಳಿಯ ಹತ್ತಿರದ ಒಂದು ಬಡಾವಣೆಯಲ್ಲಿ ಫ್ಲ್ಯಾಟ್ ಕೊಂಡಿದ್ದಾನೆ. ನಾವು ಇಳಿದುಕೊಳ್ಳುವುದು ಅಲ್ಲಿಯೇ. ಊರಿನಲ್ಲಿ ಏನೇನಿದೆ ಎಂದು ಅವನನ್ನು ಕೇಳಿದರೆ, ಅಲ್ಲಿ ನೋಡುವಂಥದ್ದು ಏನೂ ಇಲ್ಲ, ನಿಮ್ಮನ್ನು ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಅವನ ವಿಳಾಸದಲ್ಲಿ ದೇವನಹಳ್ಳಿ ಎಂದೇ ಇದೆ, ಆದರೆ ಆ ಊರಿನ ಪೇಟೆಯೊಳಗೆ ಅವನು ಇನ್ನೂ ಕಾಲಿಟ್ಟಿಲ್ಲವೆಂದು ಮಾತಿನ ನಡುವೆ ತಿಳಿಯಿತು. ಕೋಟೆ ಇದೆ, ಟಿಪ್ಪು ಸುಲ್ತಾನ ಹುಟ್ಟಿದ ಊರು ಎಂಬಷ್ಟು ನಮಗೆ ಶಾಲೆಯ ಪಾಠದಿಂದ ಗೊತ್ತು. ಯಜಮಾನರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಹತ್ತಿ ಇಳಿಯಲಾಗುವುದಿಲ್ಲ, ನಮ್ಮದೇ ಕಾರೂ ಇರುವುದಿಲ್ಲ. ಬಲ್ಲವರು ತಿಳಿಸಿದರೆ ಉಪಕಾರವಾದೀತು.

ಕೋಟೆಬೀದಿ:

ಮೇಡಂ, ಖಂಡಿತವಾಗಿ ಬನ್ನಿ. ನಾನು ಇದೇ ಊರಿನವನು. ಹೆದ್ದಾರಿಯ ಮೇಲೆ ನಮ್ಮ ಊರನ್ನು ದಾಟಿ ಹೋಗುವವರು ದಿನಕ್ಕೆ ಎಷ್ಟೋ ಸಾವಿರ ಮಂದಿ, ಊರೊಳಗೆ ತಿರುಗುವವರು ಕೆಲವರು ಮಾತ್ರ. ಹಾಗಾಗಿ ಇಲ್ಲಿ ಪ್ರವಾಸಿ ತಾಣದ ಗಲಾಟೆಯೂ ಇಲ್ಲ, ಪ್ರವಾಸಿಗಳಿಗೆ ಬೇಕಾದ ಅನುಕೂಲಗಳೂ ಹೆಚ್ಚಿಲ್ಲ.

ಕೋಟೆಯಿಂದಲೇ ಶುರು ಮಾಡಿ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಅಲಿ ಮತ್ತು ಟಿಪ್ಪುವಿನ ಕಾಲದ್ದು. ಸುಮಾರು 20 ಎಕರೆ ಜಾಗವನ್ನು ಮೊಟ್ಟೆಯಾಕಾರದಲ್ಲಿ ಸುತ್ತುವರಿದಿರುವ ಗೋಡೆಗೆ ಅರ್ಧವೃತ್ತದ 12 ಕೊತ್ತಲಗಳಿವೆ. ನೆಲದಿಂದ ಆಳೆತ್ತರವನ್ನೂ ಮೀರಿ ಕಡೆದ ಕಲ್ಲುಗಳೇ ಕಾಣುತ್ತವೆ. ತುದಿಗೆ ಬಂದಾಗ ಕಲ್ಲು ನಿಂತು ಇಟ್ಟಿಗೆ ಗಾರೆಯ ಕೈಪಿಡಿಗೋಡೆ ಶುರುವಾಗುತ್ತದೆ, ಅದರಲ್ಲಿ ಬಂದೂಕಿನ ಕಿಂಡಿಗಳು. ಕಿಂಡಿಗೆ ಕಣ್ಣಿಟ್ಟು ನೋಡಿದರೆ ಹೊರಗಡೆಗೆ ಓರೆಯಾಗಿ ಇಳಿದಿರುವುದು ಗೊತ್ತಾಗುತ್ತದೆ. ಗೋಡೆಯ ಬುಡದವರೆಗೆ ಬಂದವನಿಗೂ ಗುಂಡು ತಗಲುವಂತೆ ಮಾಡಿದ ಲೆಕ್ಕಾಚಾರ ಅದು. ನಿಮ್ಮ ಯಜಮಾನರು ಗೋಡೆ ಹತ್ತಬೇಕಾಗಿಲ್ಲ. ಪೂರ್ವದ ಬಾಗಿಲಿನಿಂದ ಒಳಬಂದು ನೆಟ್ಟಗೆ ನಡೆದರೆ ಸಾಕು, ರಸ್ತೆ ಸಮತಟ್ಟಾಗಿಯೇ ಇದೆ.

ಒಳಗೆ ಖಾಲಿ ಅರಮನೆಯನ್ನು ನಿರೀಕ್ಷಿಸಬೇಡಿ. ಕೋಟೆಯೊಳಗೆ ಜನ ವಾಸವಾಗಿದ್ದಾರೆ: ಮನೆ, ಅಂಗಡಿ, ಬಾಗಿಲಲ್ಲಿ ರಂಗೋಲಿ, ಗಲ್ಲಿಯಲ್ಲಿ ಕ್ರಿಕೆಟ್ ಆಡುವ ಹುಡುಗರು. ಬಹಳ ಕಡೆ ಕೋಟೆಯೆಂದರೆ ಟಿಕೆಟು, ಹುಲ್ಲುಹಾಸು, ಬೇಲಿ. ಇಲ್ಲಿ ಅದು ಇನ್ನೂ ಊರಿನ ಒಂದು ಕೇರಿ. ದಿವಾನ್ ಪೂರ್ಣಯ್ಯನವರದೆಂದು ಹೇಳುವ ಮನೆಯೂ ಒಳಗಿದೆ. ಮುಖ್ಯವಾಗಿ ನೋಡಬೇಕಾದದ್ದು ವೇಣುಗೋಪಾಲಸ್ವಾಮಿ ದೇವಸ್ಥಾನ. ಎದುರಿಗೆ ವಿಶಾಲವಾದ ಬಯಲು, ಎತ್ತರದ ಗರುಡಗಂಬ. ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಕಥೆಯನ್ನೂ ಬಾಲಕೃಷ್ಣನ ಲೀಲೆಗಳನ್ನೂ ಸಾಲಾಗಿ ಕೆತ್ತಿದ್ದಾರೆ. ಶಿಲ್ಪಗಳು ದೊಡ್ಡವಲ್ಲ, ಕಣ್ಣಿನ ಮಟ್ಟದಲ್ಲಿಯೇ ಇವೆ; ಪ್ರದಕ್ಷಿಣೆ ಬರುತ್ತಲೇ ಕಥೆಯನ್ನು ಓದಿಕೊಳ್ಳಬಹುದು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ, ಬೆಳಗ್ಗೆಯೇ ಬನ್ನಿ.

ಟಿಪ್ಪುವಿನ ಜನ್ಮಸ್ಥಳವು ಕೋಟೆಯ ಹೊರಗಿದೆ. ಕಂಬಗಳಿರುವ ಚಿಕ್ಕ ಮಂಟಪ, ಒಂದು ಕಲ್ಲಿನ ಫಲಕ, ಅಷ್ಟೇ. ದೊಡ್ಡ ಸ್ಮಾರಕವನ್ನು ಎಣಿಸಿ ಬಂದವರಿಗೆ ನಿರಾಸೆಯಾಗುತ್ತದೆ.

ಎಲಹಂಕ ಜಂಕ್ಷನ್:

ಕಾರಿಲ್ಲ ಎಂದಿದ್ದೀರಿ, ಆದ್ದರಿಂದ ರೈಲಿನ ವಿಷಯ ತಿಳಿಸುತ್ತೇನೆ. ಎಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಮಾರ್ಗದಲ್ಲಿ ದೇವನಹಳ್ಳಿಗೆ ಸ್ವಂತ ನಿಲ್ದಾಣವಿದೆ. 20ನೇ ಶತಮಾನದ ಎರಡನೇ ದಶಕದಲ್ಲಿ ನ್ಯಾರೋಗೇಜ್ ಆಗಿ ಹಾಕಿದ ಹಳಿ ಇದು, ಆಮೇಲೆ ಬ್ರಾಡ್‌ಗೇಜ್ ಆಯಿತು. ಬೆಟ್ಟಹಲಸೂರು, ದೊಡ್ಡಜಾಲ, ವಿಮಾನ ನಿಲ್ದಾಣದ ಹಾಲ್ಟ್, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಎಂದು ನಿಲ್ದಾಣಗಳು ಬರುತ್ತವೆ. ವಿಮಾನ ನಿಲ್ದಾಣದ ಹಾಲ್ಟ್‌ನಲ್ಲಿ 2021ರ ಜನವರಿಯಿಂದ ರೈಲುಗಳು ನಿಲ್ಲುತ್ತಿವೆ. ಬಹಳ ಜನ ಅದನ್ನೇ ದೇವನಹಳ್ಳಿ ಎಂದು ತಿಳಿದು ಇಳಿದುಬಿಡುತ್ತಾರೆ. ನೀವು ಅದರ ಮುಂದಿನ ನಿಲ್ದಾಣದಲ್ಲಿ ಇಳಿಯಬೇಕು.

ರೈಲುಗಳ ಸಂಖ್ಯೆ ಕಡಿಮೆ, ವೇಳೆಯೂ ಕೆಲಸಕ್ಕೆ ಹೋಗಿ ಬರುವವರ ಅನುಕೂಲ ನೋಡಿ ಇಟ್ಟದ್ದು. ಹೊರಡುವ ಹಿಂದಿನ ದಿನ ವೇಳಾಪಟ್ಟಿ ನೋಡಿಕೊಂಡರೆ ಒಳ್ಳೆಯದು. ಮೆಜೆಸ್ಟಿಕ್‌ನಿಂದ ದೇವನಹಳ್ಳಿವರೆಗಿನ ಉಪನಗರ ರೈಲಿಗೆ ‘ಸಂಪಿಗೆ’ ಎಂದು ಹೆಸರಿಟ್ಟಿದ್ದಾರೆ, ಸುಮಾರು 41 ಕಿಲೋಮೀಟರ್ ಉದ್ದದ ಯೋಜನೆ. 2022ರ ಜೂನ್‌ನಲ್ಲಿ ಇಡೀ ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆಯಾಯಿತು. ನಮ್ಮ ಕಡೆಯ ಸಂಪಿಗೆ ಮೊಗ್ಗಾಗಿಯೂ ಕಂಡಿಲ್ಲ.

ಬಸ್ಸಿನಲ್ಲಿ ಬರುವುದಾದರೆ ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಿವೆ. ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಹಣವಿಲ್ಲ, ಆಧಾರ್ ಕಾರ್ಡ್ ಕೈಯಲ್ಲಿರಲಿ. ವಾಯುವಜ್ರ ಬಸ್ಸುಗಳು ವಿಮಾನ ನಿಲ್ದಾಣಕ್ಕೆ ಮಾತ್ರ; ಆ ಬಸ್ಸಿಗೆ ಶಕ್ತಿ ಯೋಜನೆಯೂ ಅನ್ವಯಿಸುವುದಿಲ್ಲ, ಅದು ಊರಿಗೂ ಬರುವುದಿಲ್ಲ.

ಬಾಗಲೂರು ಕ್ರಾಸ್:

ಎಲ್ಲರ ಅಭಿಮಾನವನ್ನು ಗೌರವಿಸುತ್ತಲೇ ಒಂದು ಮಾತು. ಧಾರವಾಡದಿಂದ ಇಷ್ಟು ದೂರ ಬರುವವರಿಗೆ ಎರಡು ಗಂಟೆಯಲ್ಲಿ ಮುಗಿಯುವ ಕೋಟೆಗಾಗಿ ಒಂದು ಇಡೀ ದಿನ ಎತ್ತಿಡಿ ಎನ್ನುವುದು ನ್ಯಾಯವಲ್ಲ. ಪೇಟೆಯ ರಸ್ತೆಯಲ್ಲಿ ನಡೆಯಲು ಜಾಗವಿಲ್ಲ, ಟಿಪ್ಪರ್ ಲಾರಿಗಳ ಧೂಳು ಬೇರೆ. ಅವರ ತಂಗಿಯ ಮಗ ಹೇಳಿದಂತೆ ನಂದಿಬೆಟ್ಟಕ್ಕೆ ಹೋಗಿ, ಬರುವಾಗ ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯವನ್ನು ನೋಡಿಕೊಂಡು ಬರಲಿ. ಶಿಲ್ಪ ನೋಡುವ ಆಸೆಯಿದ್ದರೆ ಅದಕ್ಕೆ ಸಾಟಿಯಾದದ್ದು ಈ ಸುತ್ತಿನಲ್ಲಿಲ್ಲ.

ಕೋಟೆಬೀದಿ:

ಭೋಗನಂದೀಶ್ವರದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ, ಧೂಳಿನ ಬಗ್ಗೆಯೂ ಒಪ್ಪಬೇಕಾಗಿದೆ. ಆದರೆ ಅವರು ಕೇಳಿದ್ದು ತಾವು ಇಳಿದುಕೊಳ್ಳುವ ಊರಿನ ವಿಷಯವನ್ನು. ಆ ಪ್ರಶ್ನೆಗೆ ನಂದಿಬೆಟ್ಟ ಉತ್ತರವಲ್ಲ.

ಹಳೇ ಮೇಷ್ಟ್ರು:

ಚರಿತ್ರೆಯ ಕೆಲವು ಅಂಶಗಳನ್ನು ಸೇರಿಸಲು ಅನುಮತಿ ಕೋರುತ್ತೇನೆ. ದೇವನಹಳ್ಳಿಯನ್ನು ಬೆಂಗಳೂರಿನ ಬಾಲವೆಂಬಂತೆ ಈಗ ಮಾತನಾಡುತ್ತಾರೆ. ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕೆಂಪೇಗೌಡರು ಬೆಂಗಳೂರಿನ ಪೇಟೆ ಕಟ್ಟಿದ್ದು 1537ರಲ್ಲಿ ಎನ್ನುತ್ತೇವೆ. ಮಲ್ಲಬೈರೇಗೌಡನ ಮಣ್ಣಿನ ಕೋಟೆ ಅದಕ್ಕಿಂತ 36 ವರ್ಷ ಹಿರಿಯದು. ಎರಡಕ್ಕೂ ಮೂಲ ಒಂದೇ ಕಡೆ ಇದೆ. ಕಂಚಿಯ ಕಡೆಯಿಂದ ಏಳು ಮಂದಿ ಅಣ್ಣತಮ್ಮಂದಿರು ತಮ್ಮ ಸಂಸಾರಗಳೊಂದಿಗೆ ಗಾಡಿ ಕಟ್ಟಿಕೊಂಡು ಬಂದು ನಂದಿಬೆಟ್ಟದ ಆಸುಪಾಸಿನಲ್ಲಿ ನೆಲೆನಿಂತರು, ಅವರಲ್ಲಿ ರಣಬೈರೇಗೌಡನು ಆವತಿಯನ್ನು ಕಟ್ಟಿದನು ಎಂಬ ಐತಿಹ್ಯ ಮೊರಸು ಒಕ್ಕಲಿಗರಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಬಂದಿದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಪಾಳೆಯಪಟ್ಟುಗಳು ಆ ಮನೆತನದ ಕವಲುಗಳು. ಎಲಹಂಕದ ಪ್ರಭುಗಳೂ, ಅವರ ಮೂಲಕ ಕೆಂಪೇಗೌಡರೂ, ಅದೇ ಬಳಗಕ್ಕೆ ಸೇರಿದವರೆಂದು ಹೇಳುತ್ತಾರೆ. ಆವತಿ ಈಗ ಹೆದ್ದಾರಿಯ ಪಕ್ಕದ ಒಂದು ಹಳ್ಳಿ. 2022ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆಯನ್ನು ನೋಡಲು ಹೋಗುವವರು, ಅಲ್ಲಿಂದ ಸ್ವಲ್ಪವೇ ಉತ್ತರಕ್ಕಿರುವ ಆವತಿಯಲ್ಲಿ ಗಾಡಿ ನಿಲ್ಲಿಸುವುದನ್ನು ನಾನಂತೂ ಕಂಡಿಲ್ಲ.

ಇನ್ನು ಯುದ್ಧದ ವಿಷಯ. ಮೈಸೂರಿನ ದಳವಾಯಿಗಳ ಸೈನ್ಯವು 1749ರಲ್ಲಿ ಈ ಕೋಟೆಗೆ ಮುತ್ತಿಗೆ ಹಾಕಿತು. ಆ ದಂಡಿನಲ್ಲಿ ಹೆಸರಿಲ್ಲದವನಂತೆ ಬಂದಿದ್ದ ಹೈದರ್ ಅಲಿ, ಇಲ್ಲಿ ತೋರಿದ ಧೈರ್ಯದಿಂದ ದಂಡನ್ನು ನಡೆಸುತ್ತಿದ್ದ ನಂಜರಾಜಯ್ಯನ ಕಣ್ಣಿಗೆ ಬಿದ್ದು, ಕುದುರೆ ಕಾಲಾಳುಗಳ ಚಿಕ್ಕ ತುಕಡಿಯೊಂದರ ನಾಯಕನಾದನು. ಸೋತ ಪಾಳೆಯಗಾರನು ಚಿಕ್ಕಬಳ್ಳಾಪುರದ ತನ್ನ ನೆಂಟರಲ್ಲಿಗೆ ಹೋದನು. ಅದಾದ ಒಂದೆರಡು ವರ್ಷಗಳಲ್ಲಿಯೇ ಇಲ್ಲಿ ಟಿಪ್ಪು ಹುಟ್ಟಿದನೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. 1791ರಲ್ಲಿ, ಮೂರನೇ ಮೈಸೂರು ಯುದ್ಧದ ಸಮಯದಲ್ಲಿ, ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಿತು. ಟಿಪ್ಪುವನ್ನು ಕುರಿತ ಈಗಿನ ವಾದವಿವಾದಗಳನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ. ಈ ಚರ್ಚೆ ಒಂದು ಊರಿನ ಭೇಟಿಯನ್ನು ಕುರಿತದ್ದು.

ಹುಣಸೆತೋಪು:

ಮೇಡಂ, ಮಧ್ಯಾಹ್ನದ ನಂತರ ಸಮಯವಿದ್ದರೆ ಆಟೋ ಮಾಡಿಕೊಂಡು ಪೂರ್ವಕ್ಕೆ, ಸೂಲಿಬೆಲೆಯ ಕಡೆಯ ನಲ್ಲೂರಿಗೆ ಹೋಗಿ. ಅಲ್ಲಿ ಸುಮಾರು 54 ಎಕರೆಯ ಹುಣಸೆ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು, ದೇಶದಲ್ಲಿಯೇ ಅದು ಮೊದಲನೆಯದು. ಹತ್ತಿರದಿಂದ ನೋಡಿದರೆ ಮರಗಳ ಕಾಂಡ ಒಳಗೆಲ್ಲ ಟೊಳ್ಳು, ಹೊರಗಿನ ತೊಗಟೆ ಹಗ್ಗ ಹೊಸೆದಂತೆ ತಿರುಚಿಕೊಂಡಿದೆ. ಹಾಗಿದ್ದೂ ತುದಿಯಲ್ಲಿ ಹಸಿರು ಚಿಗುರು, ಕಾಲಕ್ಕೆ ಸರಿಯಾಗಿ ಕಾಯಿ. ಚೋಳರ ಕಾಲದ ತೋಪು ಎಂದು ಸುತ್ತಲಿನವರು ನಂಬುತ್ತಾರೆ, ನಡುವೆ ಪಾಳುಬಿದ್ದ ಗುಡಿಗಳೂ ಇವೆ. ನೀರು, ಶೌಚಾಲಯದ ವ್ಯವಸ್ಥೆಯನ್ನು ನಂಬಿಕೊಂಡು ಹೋಗಬೇಡಿ. ಆಟೋದವರಿಗೆ ಅಲ್ಲಿಯೇ ಕಾಯಲು ಮೊದಲೇ ಹೇಳಿಡಿ, ವಾಪಸು ಬರುವಾಗ ಬೇರೆ ಗಾಡಿ ಸಿಕ್ಕುವುದು ಕಷ್ಟ.

ಹಣ್ಣಿನ ಕಾಲವಾಗಿದ್ದರೆ ಚಕ್ಕೋತ ಕೇಳಿ ಕೊಳ್ಳಿ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಬೇರೆ ಕಡೆಯ ಚಕ್ಕೋತದಲ್ಲಿರುವ ಒಗರು ಕಹಿ ಇದರಲ್ಲಿ ಇಲ್ಲವೆಂಬಷ್ಟು ಕಡಿಮೆ. ದಪ್ಪ ಸಿಪ್ಪೆಯನ್ನೂ ಅದರ ಕೆಳಗಿನ ಬಿಳಿಯ ಮೆತ್ತೆಯನ್ನೂ ತೆಗೆದ ಮೇಲೆ, ಪ್ರತಿ ತೊಳೆಯ ಮೇಲಿನ ಪೊರೆಯನ್ನು ಬೆನ್ನಿನ ಕಡೆಯಿಂದ ಸೀಳಿ ಬಿಡಿಸಬೇಕು. ಪೊರೆಯ ಸಮೇತ ಬಾಯಿಗಿಟ್ಟವರು ಹಣ್ಣೇ ಕಹಿ ಎಂದು ದೂರುತ್ತಾರೆ. ವಿಮಾನ ನಿಲ್ದಾಣಕ್ಕೆ ಸುಮಾರು 4000 ಎಕರೆ ಹೋದಾಗ, ಆಮೇಲೆ ಬಡಾವಣೆಗಳು ಎದ್ದಾಗ, ತೋಟದ ಬದುಗಳ ಮೇಲಿದ್ದ ಹಳೆಯ ಚಕ್ಕೋತದ ಮರಗಳು ಬಹಳಷ್ಟು ಹೋದವು. ಈಗ ಉಳಿದದ್ದು ಹಿತ್ತಲುಗಳಲ್ಲಿ ಮತ್ತು ಅಲ್ಲೊಂದು ಇಲ್ಲೊಂದು ತೋಟದಲ್ಲಿ.

ಮಾಳಮಡ್ಡಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಕೋಟೆ ಮತ್ತು ಹುಣಸೆ ತೋಪು ಎರಡನ್ನೂ ನೋಡುವುದೆಂದು ನಿಶ್ಚಯಿಸಿದ್ದೇವೆ. ಇನ್ನೊಂದು ವಿಷಯ ಕೇಳಬೇಕೆನಿಸಿತು. ಚನ್ನರಾಯಪಟ್ಟಣದ ರೈತರು ವರ್ಷಗಟ್ಟಲೆ ಧರಣಿ ಕುಳಿತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆವು, ಅದು ಹಾಸನ ಜಿಲ್ಲೆಯದೆಂದೇ ತಿಳಿದಿದ್ದೆವು. ಅದು ಈ ತಾಲ್ಲೂಕಿನದೇ?

ಹೋಬಳಿಯವಳು:

ಹೌದು ಮೇಡಂ, ಇದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. ನಲ್ಲೂರೂ ಈ ಕಡೆಗೇ ಇರುವುದರಿಂದ ನೀವು ಹೋಗುವ ದಾರಿಯ ಹೊಲಗಳನ್ನು ನೋಡಿದರೆ ವಿಷಯ ಅರ್ಥವಾಗುತ್ತದೆ. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ರಾಗಿ, ತರಕಾರಿ, ಹೂವು, ಜೊತೆಗೆ ಮನೆಮನೆಗೂ ಹಸು. ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಡೇರಿಗೆ ಎರಡು ಹೊತ್ತು ಹಾಲು ಹೋಗುತ್ತದೆ. ಎರಡು ಎಕರೆ ಇದ್ದವರ ಕೈಯಲ್ಲಿಯೂ ವಾರ ವಾರ ದುಡ್ಡು ಓಡಾಡುತ್ತದೆ.

13 ಹಳ್ಳಿಗಳ 1777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗಾಗಿ ಸ್ವಾಧೀನಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹೊರಟಾಗ, 2022ರ ಏಪ್ರಿಲ್ 4ರಂದು ಧರಣಿ ಆರಂಭವಾಯಿತು. ಸರ್ಕಾರ ಬದಲಾಯಿತು, ಧರಣಿ ನಿಲ್ಲಲಿಲ್ಲ. 2025ರ ಜೂನ್ ಕೊನೆಯಲ್ಲಿ ‘ದೇವನಹಳ್ಳಿ ಚಲೋ’ ನಡೆದು, ಪೊಲೀಸರು ಅನೇಕರನ್ನು ಎಳೆದೊಯ್ದ ಮೇಲೆ ವಿಷಯ ಇಡೀ ರಾಜ್ಯಕ್ಕೆ ಹಬ್ಬಿತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು; ಅದು ಹೋರಾಟದ 1198ನೆಯ ದಿನ. ಸ್ವಇಚ್ಛೆಯಿಂದ ಜಮೀನು ಕೊಡುವವರಿದ್ದರೆ ಹೆಚ್ಚಿನ ಪರಿಹಾರ ಕೊಟ್ಟು ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನೂ ಅಂದೇ ಸೇರಿಸಿದರು. ಆ ಮಾತಿನಿಂದಾಗಿಯೇ ನಮ್ಮಲ್ಲಿ ಎಷ್ಟೋ ಮಂದಿ ಇನ್ನೂ ನಿಶ್ಚಿಂತರಾಗಿಲ್ಲ, ಏಕೆಂದರೆ ಅಣ್ಣ ಕೊಡುತ್ತೇನೆ ಎಂದು, ತಮ್ಮ ಕೊಡುವುದಿಲ್ಲ ಎಂದರೆ ಬದು ಹಾಕುವುದು ಎಲ್ಲಿ?

ರನ್‌ವೇ ಪಕ್ಕ:

ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ಇದೇ ತಾಲ್ಲೂಕಿನವನು, ಐಟಿಐ ಮುಗಿಸಿ ಏರೋಸ್ಪೇಸ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದೇನೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಗುವವರೆಗೆ ನಮ್ಮ ಊರಿನ ಹುಡುಗರು ಕೆಲಸವೆಂದರೆ ಪೀಣ್ಯಕ್ಕೆ ಬಸ್ಸು ಹತ್ತುತ್ತಿದ್ದರು. ಈಗ ಬೋಯಿಂಗ್‌ನ 43 ಎಕರೆಯ ಕ್ಯಾಂಪಸ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದೆ, ದೊಡ್ಡಬಳ್ಳಾಪುರದ ಕಡೆ ಫಾಕ್ಸ್‌ಕಾನ್ ಬಂದಿದೆ. ಎಲ್ಲ ಕೆಲಸಗಳೂ ಸ್ಥಳೀಯರಿಗೇ ಸಿಕ್ಕಿವೆ ಎಂದು ನಾನು ಹೇಳುವುದಿಲ್ಲ. ಗೇಟಿನಲ್ಲಿ ನಿಲ್ಲುವ ಕೆಲಸವೇ ನಮ್ಮವರಿಗೆ ಹೆಚ್ಚು ಸಿಕ್ಕಿದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ಹಳ್ಳಿಯ ಜೀವನ ಚೆನ್ನಾಗಿತ್ತು, ನಗರ ಬಂದು ಕೆಡಿಸಿತು ಎಂದು ಬರೆಯುವವರಲ್ಲಿ ಬಹಳ ಮಂದಿ ಬೆಳಗಿನ ಜಾವ ಕೊಳವೆಬಾವಿಯ ಕರೆಂಟಿಗೆ ಕಾದವರಲ್ಲ.

ಹೋಬಳಿಯವಳು:

ನಿಮ್ಮ ಕೆಲಸದ ವಿಷಯದಲ್ಲಿ ನನಗೆ ಸಂತೋಷವೇ ಇದೆ, ಸರ್. ನಾವು ಬೇಡವೆಂದದ್ದು ಕಾರ್ಖಾನೆಯನ್ನಲ್ಲ, ಬೆಳೆಯುತ್ತಿರುವ ನೀರಾವರಿ ಜಮೀನನ್ನು ಕೇಳದೆ ನೋಟಿಸು ಕೊಟ್ಟು ತೆಗೆದುಕೊಳ್ಳುವುದನ್ನು. ಕೊಳವೆಬಾವಿಯ ಕರೆಂಟಿಗೆ ನಮ್ಮ ತಾಯಿಯೂ ಕಾದವರೇ.

ನೀರಗಂಟಿ:

ನೀರಿನ ಮಾತು ಬಂದದ್ದರಿಂದ ನಾನೂ ಬರೆಯುತ್ತಿದ್ದೇನೆ. ಊರಿಗೆ ಬಂದವರು ಸಿಹಿನೀರಿನ ಕೆರೆಯನ್ನು ನೋಡದೆ ಹೋಗಬಾರದು ಎಂಬುದು ನನ್ನ ಮನವಿ. ಈ ಭಾಗದಲ್ಲಿ ಹರಿಯುವ ನದಿ ಇಲ್ಲ. ಕೆರೆ ಮತ್ತು ತೋಡುಬಾವಿಗಳನ್ನು ನಂಬಿದ್ದ ಊರು ಇದು. ಕೆರೆ ಬತ್ತಿತು, ಬಾವಿ ಒಣಗಿತು, ಕೊಳವೆಬಾವಿ ಸಾವಿರ ಅಡಿಗೆ ಇಳಿಯಿತು. ಈಗ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೊಳವೆಯಲ್ಲಿ ಇತ್ತ ಕಡೆಗೆ ಪಂಪ್ ಮಾಡುತ್ತಾರೆ. ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳನ್ನು ತುಂಬಿಸುವ ಯೋಜನೆ ಇದು. ಉದ್ದೇಶ ನೇರವಾಗಿ ಕುಡಿಯುವುದಲ್ಲ, ಅಂತರ್ಜಲ ಏರಿಸುವುದು.

ಕೆರೆಗೆ ನೀರು ಬಂದ ಮೇಲೆ ಪಕ್ಕದ ಹಳೆಯ ತೋಡುಬಾವಿಯಲ್ಲಿಯೂ ಒರತೆ ಕಾಣಿಸಿತು. ಆ ಬಾವಿಯನ್ನು ಹೂಳೆತ್ತಿ ರಿಪೇರಿ ಮಾಡಿ, ಹತ್ತಿರದಲ್ಲಿ ಆಳವಿಲ್ಲದ ಸೋಸುಬಾವಿಗಳನ್ನು ಕೊರೆದು, ಮಣ್ಣಿನಲ್ಲಿ ಸೋಸಿ ಬಂದ ನೀರನ್ನು ಮತ್ತೆ ಶುದ್ಧೀಕರಣ ಘಟಕದಲ್ಲಿ ಹಾಯಿಸಿ ಪುರಸಭೆಯ ನಲ್ಲಿಗಳಿಗೆ ಸೇರಿಸುವ ವ್ಯವಸ್ಥೆ ಮಾಡಿದ್ದಾರೆ. ಮಹಾನಗರ ಬಳಸಿ ಬಿಟ್ಟ ನೀರು ನೆಲದೊಳಗಿಂದ ಹಾದು ಚಿಕ್ಕ ಊರಿನ ಕೊಡಕ್ಕೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಈ ಜಿಲ್ಲೆಗಳ ರೈತ ಸಂಘಟನೆಗಳು ಬಹಳ ಕಾಲದಿಂದ ಕೇಳುತ್ತಿವೆ, ಅದು ನ್ಯಾಯವಾದ ಬೇಡಿಕೆ ಎಂದೇ ನನ್ನ ಅಭಿಪ್ರಾಯ. ನೀರು ಬಂದಿತಲ್ಲ, ಇನ್ನೇನು ಬೇಕು ಎಂದು ಕೇಳುವ ಅಧಿಕಾರಿಗಳು ತಮ್ಮ ಮನೆಯ ಬೋರ್‌ವೆಲ್‌ಗೂ ಇದೇ ಅಳತೆಗೋಲು ಇಡುತ್ತಾರೆಯೇ ಎಂಬುದು ನನ್ನ ಅನುಮಾನ.

ಮಾಳಮಡ್ಡಿ:

ಕುತೂಹಲದಿಂದ ಕೇಳುತ್ತೇನೆ: ಹಾಗಾದರೆ ನಮ್ಮ ತಂಗಿಯ ಮಗನ ಫ್ಲ್ಯಾಟಿಗೂ ಈ ಕೆರೆಯ ನೀರೇ ಬರುತ್ತದೆಯೇ?

ನೀರಗಂಟಿ:

ಬರುವುದಿಲ್ಲ ಮೇಡಂ. ಆ ವ್ಯವಸ್ಥೆ ಪುರಸಭೆಯ ಎಲ್ಲೆಯೊಳಗಿನ ಮನೆಗಳಿಗೆ. ಹೊಸ ಬಡಾವಣೆಗಳು ಹೆಚ್ಚಿನವು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿವೆ. ವಿಮಾನ ನಿಲ್ದಾಣವೇ ಅಣ್ಣೇಶ್ವರ ಗ್ರಾಮ ಪಂಚಾಯಿತಿಗೆ ಸೇರಿದ್ದು. ಅಂಥ ಬಡಾವಣೆಗಳು ಸ್ವಂತ ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿವೆ. ನಿಮ್ಮ ಮಗನಿಗೆ ಟ್ಯಾಂಕರ್ ನೀರು ಎಲ್ಲಿಂದ ತರುತ್ತೀರಿ ಎಂದು ಸಂಘದ ಕಾರ್ಯದರ್ಶಿಯನ್ನು ಒಮ್ಮೆ ಕೇಳಲು ಹೇಳಿ. ಬಹುಮಟ್ಟಿಗೆ ಸುತ್ತಲಿನ ಯಾವುದೋ ಹಳ್ಳಿಯ ತೋಟದ ಕೊಳವೆಬಾವಿಯ ಹೆಸರು ಹೇಳುತ್ತಾರೆ.

ಕೋಟೆಬೀದಿ:

ಮೇಡಂ, ಅವನನ್ನೂ ಜೊತೆಯಲ್ಲಿ ಕರೆದುಕೊಂಡು ಬನ್ನಿ. ಭಾನುವಾರ ಬೇಡ, ಅಂದು ನಂದಿಬೆಟ್ಟದ ವಾಹನಗಳಿಂದ ಹೆದ್ದಾರಿ ತುಂಬಿರುತ್ತದೆ. ವಾರದ ನಡುವೆ ಬೆಳಗ್ಗೆ ಎಂಟರ ಹೊತ್ತಿಗೆ ಪೂರ್ವದ ಬಾಗಿಲಿಗೆ ಬಂದರೆ ದೇವಸ್ಥಾನದಲ್ಲಿ ಪೂಜೆಯೂ ಸಿಗುತ್ತದೆ, ಬಿಸಿಲೂ ಏರಿರುವುದಿಲ್ಲ. ಊಟಕ್ಕೆ ಬಸ್ ನಿಲ್ದಾಣದ ಸುತ್ತ ಮುದ್ದೆ, ಬಸ್ಸಾರು ಸಿಗುವ ಚಿಕ್ಕ ಹೋಟೆಲುಗಳಿವೆ. ರೊಟ್ಟಿ ಮಾತ್ರ ಕೇಳಬೇಡಿ, ನಿಮ್ಮ ಕಡೆಯ ಜೋಳದ ರೊಟ್ಟಿಯ ಕೈ ಇಲ್ಲಿ ಯಾರಿಗೂ ಇಲ್ಲ.